ಗರ್ಭಕಂಠದ ಅರ್ಬುದ: ಅಲ್ಪವ್ಯಯದ ತಪಾಸಣೆಯ ಚರಿತ್ರೆ

ಗರ್ಭಾಶಯವು ಯೋನಿಮಾರ್ಗಕ್ಕೆ ತೆರೆದುಕೊಳ್ಳುವ ಎಡೆಯಲ್ಲಿರುವ ಕಿರಿದಾದ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಅಲ್ಲಿ ಹುಟ್ಟುವ ಅರ್ಬುದವು, ಅಂದರೆ ಕ್ಯಾನ್ಸರು, ಮೊದಲು ಜೀವಕೋಶಗಳ ರೂಪವಿಕಾರವಾಗಿ ತೋರಿಕೊಂಡು, ಹತ್ತು ಇಪ್ಪತ್ತು ವರ್ಷಗಳ ಮಂದಗತಿಯಲ್ಲಿ ಪೂರ್ಣರೋಗವಾಗಿ ಪರಿಣಮಿಸತಕ್ಕದ್ದು. ಆ ವಿಕಾರ ಮೊಳೆಯುವ ಸ್ಥಾನವಾದರೋ ಕಣ್ಣಿಗೆ ಕಾಣುವಂಥದು, ಉಪಕರಣಕ್ಕೆ ಎಟುಕುವಂಥದು. ಆದಕಾರಣ ಸಕಾಲದಲ್ಲಿ ನೋಡಿ ಆ ಭಾಗವನ್ನು ನಾಶಪಡಿಸಿದರೆ ರೋಗವು ಹುಟ್ಟುವ ಮುನ್ನವೇ ಅದನ್ನು ತಡೆಯಬಹುದು. ಹೀಗಿದ್ದೂ 2022ರಲ್ಲಿ ಪ್ರಪಂಚದಾದ್ಯಂತ ಸುಮಾರು 6,60,000 ಸ್ತ್ರೀಯರು ಹೊಸದಾಗಿ ಈ ರೋಗಕ್ಕೆ ತುತ್ತಾದರು, ಸುಮಾರು 3,50,000 ಮಂದಿ ಮೃತರಾದರು. ಈ ಮರಣಗಳಲ್ಲಿ ನೂರಕ್ಕೆ 94ರಷ್ಟು ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ ಸಂಭವಿಸಿದುವು. ಇಷ್ಟು ಸುಲಭವಾಗಿ ತಡೆಯಬಹುದಾದ ವ್ಯಾಧಿಯು ಬಡವರ ಪಾಲಿಗೆ ಮಾತ್ರ ಮಾರಕವಾಗಿ ಉಳಿದುದು ಹೇಗೆ, ಅದನ್ನು ನೀಗಲು ಯಾವ ಯಾವ ಉಪಾಯಗಳನ್ನು ಹೂಡಲಾಯಿತು ಎಂಬುದೇ ಈ ಲೇಖನದ ವಿಷಯ.

ಪ್ರಥಮ ಉಪಾಯವು ಸೂಕ್ಷ್ಮದರ್ಶಕದಿಂದ ಬಂದಿತು. ಗ್ರೀಸ್ ದೇಶದಲ್ಲಿ ಜನಿಸಿ ನ್ಯೂಯಾರ್ಕಿನಲ್ಲಿ ನೆಲೆಸಿದ ಜಾರ್ಜ್ ಪಾಪಾನಿಕೊಲಾವ್ ಎಂಬ ವಿಜ್ಞಾನಿ ಯೋನಿಸ್ರಾವದ ಲೇಪವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಬಣ್ಣಗೊಳಿಸಿ ನೋಡಿದರೆ ಅರ್ಬುದಕೋಶಗಳು ಗುರುತು ಸಿಕ್ಕುವುವೆಂದು 1928ರಲ್ಲಿ ಪ್ರಕಟಿಸಿದನು. ಅದೇ ಕಾಲದಲ್ಲಿ ರುಮೇನಿಯಾದ ಆರೆಲ್ ಬಾಬೆಷ್ ಎಂಬವನೂ ಸ್ವತಂತ್ರವಾಗಿ ಇಂಥದೇ ನಿರ್ಣಯಕ್ಕೆ ಬಂದಿದ್ದನು. ಸಮಕಾಲೀನ ವೈದ್ಯರು ಇಬ್ಬರನ್ನೂ ಅಷ್ಟಾಗಿ ಲಕ್ಷಿಸಲಿಲ್ಲ. 1941ರಲ್ಲಿ ಪಾಪಾನಿಕೊಲಾವ್ ಹರ್ಬರ್ಟ್ ಟ್ರೌಟ್‌ನೊಡನೆ ಬರೆದ ಪ್ರಬಂಧವೂ, 1943ರ ಗ್ರಂಥವೂ ಹೊರಬಂದ ಮೇಲೆ ವಿಷಯವು ವೈದ್ಯಲೋಕದ ಕಿವಿಗೆ ಬಿದ್ದಿತು. ಇವನ ಹೆಸರಿನ ಮೊದಲಕ್ಷರಗಳನ್ನೇ ಉಳಿಸಿಕೊಂಡು 'ಪ್ಯಾಪ್' ಪರೀಕ್ಷೆಯೆಂದು ಪ್ರಸಿದ್ಧವಾದ ಈ ವಿಧಾನವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 1949ರಿಂದಲೂ ಫಿನ್‌ಲೆಂಡ್ 1960ರ ದಶಕದಿಂದಲೂ ಕ್ರಮಬದ್ಧವಾಗಿ ಆಚರಿಸಿ ರೋಗವನ್ನು ಬಹುಮಟ್ಟಿಗೆ ಹಿಮ್ಮೆಟ್ಟಿಸಿದುವು.

ಆದರೆ ಈ ಪರೀಕ್ಷೆಯ ಹಿಂದೆ ಒಂದು ದೀರ್ಘವಾದ ಸರಪಣಿಯಿದೆ. ತೆಗೆದ ಲೇಪವನ್ನು ಒಡನೆಯೇ ಮದ್ಯಸಾರದಲ್ಲಿ ಅದ್ದಬೇಕು. ದೂರದ ಪ್ರಯೋಗಾಲಯಕ್ಕೆ ಕೆಡದಂತೆ ಸಾಗಿಸಬೇಕು. ಅಲ್ಲಿ ನುರಿತ ಕಣ್ಣುಳ್ಳವರು ಒಂದೊಂದು ಪಟ್ಟಿಯನ್ನೂ ಸಾವಧಾನವಾಗಿ ಪರಿಶೀಲಿಸಬೇಕು. ವಾರಗಳ ತರುವಾಯ ಬಂದ ಫಲಿತಾಂಶವನ್ನು ಹಿಡಿದುಕೊಂಡು ಯಾವಳೋ ಕೂಲಿಯ ಹೆಂಗಸನ್ನು ಅವಳ ಊರಿನಲ್ಲಿ ಹುಡುಕಿ, ಇನ್ನೊಮ್ಮೆ ಕೂಲಿ ಬಿಟ್ಟು ಆಸ್ಪತ್ರೆಗೆ ಬಾರೆಂದು ಒಪ್ಪಿಸಬೇಕು. ಇಷ್ಟನ್ನೂ ಕೆಲವು ವರ್ಷಗಳಿಗೊಮ್ಮೆ ಪುನರಾವರ್ತಿಸಬೇಕು. ಸರಪಣಿಯ ಒಂದು ಕೊಂಡಿ ಕಳಚಿದರೂ ಉಳಿದ ಶ್ರಮವೆಲ್ಲ ವ್ಯರ್ಥವೇ ಸರಿ. ಲ್ಯಾಟಿನ್ ಅಮೆರಿಕದ ಹಲವು ದೇಶಗಳು ದಶಕಗಳ ಪರ್ಯಂತ ಲೇಪಗಳನ್ನು ಸಂಗ್ರಹಿಸಿಯೂ ಮರಣಸಂಖ್ಯೆಯನ್ನು ಅಷ್ಟಾಗಿ ಇಳಿಸಲಾರದೆ ಹೋದುದು ಈ ಕಾರಣದಿಂದಲೇ. ಭಾರತದಲ್ಲಂತೂ ಅಂಥ ಸರಪಣಿಯನ್ನು ದೇಶವ್ಯಾಪಿಯಾಗಿ ಕಟ್ಟುವ ಯತ್ನವೇ ನಡೆಯಲಿಲ್ಲ. ಪ್ಯಾಪ್ ಪರೀಕ್ಷೆಯು ನಗರದ ದೊಡ್ಡಾಸ್ಪತ್ರೆಗಳ ಆವರಣವನ್ನು ದಾಟಿದ್ದು ಕಡಮೆ.

ಇದಕ್ಕೆ ಪರ್ಯಾಯವಾಗಿ ಒದಗಿದ ವಸ್ತು ಯಾವುದೆಂದರೆ ಹೋಟೆಲಿನ ಅಡಿಗೆಮನೆಯಲ್ಲಿಯೂ ಸಿಕ್ಕುವ ವಿನೆಗರು. ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್ 1925ರಲ್ಲಿ ಗರ್ಭಕಂಠವನ್ನು ದೊಡ್ಡದಾಗಿಸಿ ತೋರುವ ಕಾಲ್ಪೊಸ್ಕೋಪ್ ಯಂತ್ರವನ್ನು ರಚಿಸಿದ ಮೇಲೆ, ಅಸಿಟಿಕ್ ಆಮ್ಲವನ್ನು ಸವರಿದರೆ ವಿಕೃತಭಾಗವು ಬಿಳುಪೇರುವುದೆಂಬ ಸಂಗತಿ ಯಂತ್ರದ ಮುಂದೆ ಕುಳಿತ ವೈದ್ಯರಿಗೆ ತಿಳಿದೇ ಇದ್ದಿತು. ವಿಯೆನ್ನಾದ ವಾಲ್ಟರ್ ಶಿಲ್ಲರ್ ಅಯೋಡಿನ್ ದ್ರಾವಣದಿಂದ ಇಂಥದೇ ಭೇದವನ್ನು ಎತ್ತಿತೋರಿಸಿದ್ದನು. ಯಂತ್ರವಿಲ್ಲದೆ ಬರಿಗಣ್ಣಿನಿಂದಲೇ ಆ ಬಿಳುಪನ್ನು ಕಾಣಬಹುದಲ್ಲವೆ ಎಂಬ ಸರಳವಾದ ಪ್ರಶ್ನೆಯನ್ನು ಯಾರಾದರೂ ವ್ಯವಸ್ಥಿತವಾಗಿ ಪರೀಕ್ಷಿಸಲು ಅರ್ಧಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತೆಂಬುದು ಸೋಜಿಗವೇ. ಇಟಲಿಯ ಒಟ್ಟಾವಿಯಾನೊ ಮತ್ತು ಲಾ ತೊರ್ರೆ ಎಂಬವರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಮ್ಲವನ್ನು ಸವರಿದ ಬಳಿಕ ಬರಿಗಣ್ಣು ಕಂಡದ್ದಕ್ಕೂ ಯಂತ್ರ ಕಂಡದ್ದಕ್ಕೂ ಹೆಚ್ಚಿನ ಅಂತರವಿಲ್ಲವೆಂದು ತೋರಿಬಂದಿತು.

ಪರೀಕ್ಷೆಯ ಕ್ರಮ ಹೀಗಿದೆ. ಸ್ತ್ರೀಯನ್ನು ಮೇಜಿನ ಮೇಲೆ ಮಲಗಿಸಿ, ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಮಾರ್ಗವನ್ನು ಅಗಲಿಸಿ, ದೀಪದ ಇಲ್ಲವೆ ಟಾರ್ಚಿನ ಬೆಳಕನ್ನು ಗರ್ಭಕಂಠದ ಮೇಲೆ ಬೀಳಿಸುವರು. ಶೇಕಡ 3ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ದ್ರಾವಣದಲ್ಲಿ ಹತ್ತಿಯ ಉಂಡೆಯನ್ನು ಅದ್ದಿ, ಗರ್ಭಕಂಠಕ್ಕೆ ಮೆಲ್ಲನೆ ಒತ್ತಿ, ಒಂದು ನಿಮಿಷ ಕಾಯುವರು. ವಿಕೃತಕೋಶಗಳಲ್ಲಿ ಕೋಶಕೇಂದ್ರವು ದೊಡ್ಡದಾಗಿಯೂ ಸಸಾರಜನಕವು ದಟ್ಟವಾಗಿಯೂ ಇರುವುದರಿಂದ ಆಮ್ಲವು ತಗುಲಿದೊಡನೆ ಅದು ಹೆಪ್ಪುಗಟ್ಟಿ, ಬೆಳಕನ್ನು ಒಳಕ್ಕೆ ಬಿಡದೆ ಹಿಂದಕ್ಕೆ ಚಿಮ್ಮಿಸುವುದು. ನಸುಗೆಂಪಾದ ಹಿನ್ನೆಲೆಯಲ್ಲಿ, ಹೊರಪೊರೆಯೂ ಒಳಪೊರೆಯೂ ಸಂಧಿಸುವ ಗೆರೆಯನ್ನು ಹೊಂದಿಕೊಂಡು, ಅಂಚು ಸ್ಪಷ್ಟವಾದ ಬಿಳಿಯ ಮಚ್ಚೆಯೊಂದು ಮೂಡುವುದು. ಅಂಚು ಮಸುಕಾದ, ಬೇಗನೆ ಮಾಯವಾಗುವ ಬಿಳುಪು ಬಹುಶಃ ಉರಿಯೂತದ್ದು. ಅದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ದಾದಿಯು ತಾನು ಕಂಡುದನ್ನು ಆ ಸ್ತ್ರೀಗೆ ಅಲ್ಲಿಯೇ ಹೇಳಬಲ್ಲಳು. ಈ ವಿಧಾನದ ನಿಜವಾದ ಶಕ್ತಿಯು ವಿನೆಗರಿನ ಅಗ್ಗದ ಬೆಲೆಗಿಂತ ಹೆಚ್ಚಾಗಿ ಈ ತತ್‌ಕ್ಷಣದ ಉತ್ತರದಲ್ಲಿದೆಯೆಂದು ನನ್ನ ಅಭಿಪ್ರಾಯ.

ದೋಷಗಳೂ ಉಂಟು. ಜಿಂಬಾಬ್ವೆಯಲ್ಲಿ ಸೂಲಗಿತ್ತಿ ದಾದಿಯರು ಮಾಡಿದ ಪರೀಕ್ಷೆಗಳ ವರದಿಯು 1999ರಲ್ಲಿ ಪ್ರಕಟವಾದಾಗ, ರೋಗಪೂರ್ವ ವಿಕಾರವಿದ್ದವರಲ್ಲಿ ನೂರಕ್ಕೆ ಸುಮಾರು 77 ಮಂದಿಯನ್ನು ಅದು ಹಿಡಿಯಿತೆಂದೂ, ವಿಕಾರವಿಲ್ಲದವರಲ್ಲಿ ನೂರಕ್ಕೆ 36ರಷ್ಟು ಮಂದಿಯನ್ನು ವೃಥಾ ಶಂಕಿಸಿತೆಂದೂ ತಿಳಿದುಬಂದಿತು. ಮುಟ್ಟು ನಿಂತ ಸ್ತ್ರೀಯರಲ್ಲಿ ಆ ಸಂಧಿರೇಖೆಯು ಒಳಕ್ಕೆ ಸರಿಯುವುದರಿಂದ ಪರೀಕ್ಷೆಯು ಅಷ್ಟಾಗಿ ಸಲ್ಲದು. ಎಲ್ಲಕ್ಕೂ ಮಿಗಿಲಾಗಿ, ನೋಡುವವರ ಕಣ್ಣಿನಂತೆ ಫಲ.

ಈ ಉಪಾಯದಿಂದ ಜೀವ ಉಳಿಯುವುದೇ ಎಂಬ ಮುಖ್ಯಪ್ರಶ್ನೆಗೆ ಉತ್ತರವು ದೊರೆತುದು ಬಹ್ವಂಶ ಭಾರತದ ನೆಲದಲ್ಲಿ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ, ಅಂಬಿಳಿಕ್ಕೈ ಎಂಬ ಊರಿನ ಕ್ರೈಸ್ತ ಸೇವಾಸಂಸ್ಥೆಯೊಂದರ ನೆರವಿನಿಂದ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 30ರಿಂದ 59 ವರ್ಷದ ಸ್ತ್ರೀಯರಲ್ಲಿ ನಡೆಸಿದ ಪ್ರಯೋಗದ ಫಲವು 2007ರಲ್ಲಿ ಹೊರಬಂದಿತು: ದಾದಿಯರು ಒಂದೇ ಒಂದು ಬಾರಿ ನೋಡಿ, ಬೇಕಾದವರಿಗೆ ಚಿಕಿತ್ಸೆ ಮಾಡಿದ್ದರಿಂದ ರೋಗವು ನೂರಕ್ಕೆ 25ರಷ್ಟೂ ಮರಣವು 35ರಷ್ಟೂ ಇಳಿದಿದ್ದುವು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿಯವರು 1998ರಲ್ಲಿ ಆರಂಭಿಸಿದ ಪ್ರಯೋಗವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಪರೀಕ್ಷಿಸಿದವರು ದಾದಿಯರೂ ಅಲ್ಲ. ಹತ್ತನೆಯ ತರಗತಿಯವರೆಗೆ ಓದಿ ನಾಲ್ಕು ವಾರಗಳ ಶಿಕ್ಷಣವನ್ನು ಪಡೆದ ಸ್ಥಳೀಯ ಹೆಂಗಸರು. ಎರಡು ವರ್ಷಗಳಿಗೊಮ್ಮೆಯಂತೆ ನಾಲ್ಕು ಸುತ್ತು ನಡೆದ ಈ ತಪಾಸಣೆಯಿಂದ ಮರಣವು ನೂರಕ್ಕೆ 31ರಷ್ಟು ತಗ್ಗಿತೆಂದು 2013ರಲ್ಲಿ ಘೋಷಿತವಾಯಿತು. ದೇಶಾದ್ಯಂತ ಆಚರಿಸಿದರೆ ಭಾರತದಲ್ಲಿ ವರ್ಷಕ್ಕೆ ಸುಮಾರು 22,000 ಜೀವಗಳು ಉಳಿದಾವೆಂದು ಅವರ ಅಂದಾಜು.

ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿಕೊಂಡಿರುವ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ ನಡೆದ ಮೂರನೆಯ ಪ್ರಯೋಗವು ಇವೆರಡರ ಹರ್ಷಕ್ಕೆ ಸ್ವಲ್ಪ ತಡೆಯೊಡ್ಡಿತು. ಅಲ್ಲಿ 1,31,746 ಸ್ತ್ರೀಯರಿದ್ದ 52 ಗ್ರಾಮಸಮೂಹಗಳನ್ನು ನಾಲ್ಕು ಪಂಗಡಗಳಾಗಿ ಮಾಡಿ, ಒಂದಕ್ಕೆ ಆಮ್ಲದ ಪರೀಕ್ಷೆ, ಒಂದಕ್ಕೆ ಕೋಶಪರೀಕ್ಷೆ (ಪ್ಯಾಪ್), ಒಂದಕ್ಕೆ ಈ ರೋಗಕ್ಕೆ ಕಾರಣವಾದ ಪ್ಯಾಪಿಲೋಮಾ ವೈರಾಣುವಿನ (ಎಚ್‌ಪಿವಿ) ಡಿಎನ್ಎ ಪರೀಕ್ಷೆ ಎಂದು ನಿಯಮಿಸಿ, ಇನ್ನೊಂದನ್ನು ತಪಾಸಣೆಯಿಲ್ಲದೆ ಬಿಡಲಾಗಿತ್ತು. 2009ರಲ್ಲಿ ಪ್ರಕಟವಾದ ಫಲವೆಂದರೆ, ವೈರಾಣುವಿನ ಪರೀಕ್ಷೆ ಪಡೆದ ಪಂಗಡದಲ್ಲಿ 34 ಮಂದಿಯೂ ತಪಾಸಣೆಯಿಲ್ಲದ ಪಂಗಡದಲ್ಲಿ 64 ಮಂದಿಯೂ ಈ ರೋಗದಿಂದ ಸತ್ತಿದ್ದರು. ಆಮ್ಲದ ಪರೀಕ್ಷೆಯಾಗಲಿ ಕೋಶಪರೀಕ್ಷೆಯಾಗಲಿ ಗಣನೀಯವಾದ ಇಳಿಕೆಯನ್ನು ತೋರಲಿಲ್ಲ.

ತಪಾಸಣೆಯಿಲ್ಲದೆ ಬಿಟ್ಟ ಆ ಪಂಗಡಗಳ ವಿಷಯವನ್ನು ಇಲ್ಲಿ ಹೇಳದೆ ಮುಂದುವರಿಯುವುದು ಸರಿಯಲ್ಲ. ಉಪಾಯವಿದೆಯೆಂದು ಬಲ್ಲ ವೈದ್ಯರು ಸಾವಿರಾರು ಸ್ತ್ರೀಯರನ್ನು ಕೇವಲ ಎಣಿಕೆಗಾಗಿ ಹಾಗೆಯೇ ಬಿಡಬಹುದೇ ಎಂದು ಅಮೆರಿಕದ ಎರಿಕ್ ಸುಬಾ ಮುಂತಾದವರು ತೀವ್ರವಾಗಿ ಆಕ್ಷೇಪಿಸಿದರು. ಆಗಿನ ಭಾರತದಲ್ಲಿ ಸಾಮಾನ್ಯವಾಗಿ ದೊರೆಯುತ್ತಿದ್ದ ಆರೈಕೆಯೆಂದರೆ ಏನೂ ಇಲ್ಲದಿರುವುದೇ ಎಂಬುದು ಸಂಶೋಧಕರ ಸಮಾಧಾನ. ಸಮಾಧಾನವು ನಿಜವೇ; ಆದರೆ ಅದು ಆಕ್ಷೇಪಕ್ಕಿಂತಲೂ ಹೆಚ್ಚು ಲಜ್ಜಾಸ್ಪದವಾದ ನಿಜ.

ಕಂಡ ಮೇಲೆ ಚಿಕಿತ್ಸೆಯಾಗದಿದ್ದರೆ ಕಂಡೂ ಪ್ರಯೋಜನವಿಲ್ಲ. ಮೊದಲು ಪ್ರಚಾರಕ್ಕೆ ಬಂದುದು ಕ್ರಯೊಥೆರಪಿ: ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರಸ್ ಆಕ್ಸೈಡ್ ಅನಿಲದಿಂದ ಲೋಹದ ಮೊನೆಯನ್ನು ತಣ್ಣಗಾಗಿಸಿ, ಮೂರು ನಿಮಿಷ ಹೆಪ್ಪುಗಟ್ಟಿಸಿ, ಐದು ನಿಮಿಷ ಕರಗಲು ಬಿಟ್ಟು, ಮತ್ತೆ ಮೂರು ನಿಮಿಷ ಹೆಪ್ಪುಗಟ್ಟಿಸುವುದು. ಅರಿವಳಿಕೆ ಬೇಡ, ಶಸ್ತ್ರವೈದ್ಯನೂ ಬೇಡ. ಆದರೆ ಅನಿಲದ ಭಾರವಾದ ಸಿಲಿಂಡರನ್ನು ಹಳ್ಳಿಗೆ ಹೊತ್ತೊಯ್ಯುವವರಾರು, ಮುಗಿದಾಗ ತುಂಬಿಸುವವರಾರು? ಈ ತೊಡಕನ್ನು ನೀಗಿದ್ದು ಬ್ಯಾಟರಿಯಿಂದ ನಡೆಯುವ ಕೈಗಾತ್ರದ ಶಾಖೋಪಕರಣ. ಅದು ವಿಕೃತಭಾಗವನ್ನು ನಿಮಿಷದೊಳಗೆ ಸುಡುವುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅದರ ಬಳಕೆಗೆ ಮಾರ್ಗಸೂಚಿಯನ್ನು ಹೊರಡಿಸಿತು.

ವೈರಾಣುವಿನ ಪರೀಕ್ಷೆಯ ಬೇರು ಹೈಡಲ್‌ಬರ್ಗಿನ ಹರಾಲ್ಡ್ ತ್ಸುರ್ ಹೌಸನ್ ಅವರ ಸಂಶೋಧನೆಯಲ್ಲಿದೆ. 1983 ಮತ್ತು 1984ರಲ್ಲಿ ಅವರ ಬಳಗವು ಈ ಅರ್ಬುದದಲ್ಲಿ ಪ್ಯಾಪಿಲೋಮಾ ವೈರಾಣುವಿನ 16 ಮತ್ತು 18ನೆಯ ಬಗೆಗಳನ್ನು ಗುರುತಿಸಿತು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಡಿಎನ್ಎ ಪರೀಕ್ಷೆಯು ಮೊದಮೊದಲು ಬಡ ದೇಶಗಳ ಬೊಕ್ಕಸಕ್ಕೆ ಮೀರಿದುದಾಗಿತ್ತು. ಚೀನದ ಶಾನ್‌ಷಿ ಪ್ರಾಂತ್ಯದ ಹಳ್ಳಿಗಳಲ್ಲಿ ಪರೀಕ್ಷಿಸಿ 2008ರಲ್ಲಿ ವರದಿ ಮಾಡಲಾದ 'ಕೇರ್ ಎಚ್‌ಪಿವಿ' ಎಂಬ ಸರಳೀಕೃತ ವಿಧಾನವು ಸುಮಾರು ಎರಡೂವರೆ ಗಂಟೆಯಲ್ಲಿ ಉತ್ತರ ಕೊಡಬಲ್ಲದೆಂದು ತೋರಿಸಿದ ಮೇಲೆ ದಾರಿ ತೆರೆಯಿತು. ಈ ಪರೀಕ್ಷೆಗೆ ಬೇಕಾದ ಮಾದರಿಯನ್ನು ಸ್ತ್ರೀಯು ಮರೆಯಲ್ಲಿ ತಾನೇ ತೆಗೆದುಕೊಡಬಹುದು. ಪರಪುರುಷ ವೈದ್ಯನ ಮುಂದೆ ಮಲಗಲೊಲ್ಲದೆ ತಪಾಸಣೆಯನ್ನೇ ತೊರೆಯುವ ನಮ್ಮ ಹೆಂಗಸರ ಮಟ್ಟಿಗೆ ಇದು ಸಣ್ಣ ಲಾಭವಲ್ಲ. 2020ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗದ ನಿರ್ಮೂಲನಕ್ಕೆ ಗುರಿಗಳನ್ನು ವಿಧಿಸಿತು. ಮರುವರ್ಷದ ಮಾರ್ಗಸೂಚಿಯಲ್ಲಿ 30ನೆಯ ವಯಸ್ಸಿನಿಂದ ಮೊದಲ್ಗೊಂಡು ಐದರಿಂದ ಹತ್ತು ವರ್ಷಗಳಿಗೊಮ್ಮೆ ಡಿಎನ್ಎ ಪರೀಕ್ಷೆಯೇ ಮೇಲೆಂದು ಸೂಚಿಸಿತು.

ಭಾರತ ಸರ್ಕಾರವು 2016ರಲ್ಲಿ ಹೊರಡಿಸಿದ ಕಾರ್ಯವಿಧಾನದಂತೆ 30ರಿಂದ 65 ವರ್ಷದ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ಆಮ್ಲದ ಪರೀಕ್ಷೆಯಾಗಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯ ಲೆಕ್ಕಗಳಲ್ಲಿ ಗರ್ಭಕಂಠದ ಅರ್ಬುದವು ಇಳಿಮುಖವಾಗಿ, ಸ್ತನದ ಅರ್ಬುದವು ಅದನ್ನು ಹಿಂದಿಕ್ಕಿರುವುದು ನಿಜ. ಆದರೆ ತಡವಾದ ಮದುವೆ, ಕಡಮೆಯಾದ ಹೆರಿಗೆಗಳು, ಹೆಚ್ಚಿದ ನೈರ್ಮಲ್ಯ ಮುಂತಾದವೇ ಈ ಇಳಿಕೆಗೆ ಕಾರಣವೆಂದು ತಿಳಿಯಬೇಕಲ್ಲದೆ, ಕ್ರಮಬದ್ಧವಾದ ತಪಾಸಣೆಗೆ ಅದರ ಯಶಸ್ಸನ್ನು ಕೊಡಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆಗೆ ಒಳಗಾದವರು ತಮಿಳುನಾಡಿನಲ್ಲಿ ನೂರಕ್ಕೆ 9.8ರಷ್ಟಿದ್ದರು, ಇಡೀ ದೇಶದಲ್ಲಿ 30ರಿಂದ 49 ವರ್ಷದ ಸ್ತ್ರೀಯರ ಪೈಕಿ ಅಂಥವರು ನೂರಕ್ಕೆ 1.9 ಮಾತ್ರ.