ಪಾತಾಳಗರಡಿ ಯಾರ ಮನೆಯಲ್ಲಿದೆ?

ಓದುಗ ಮಹಾಶಯರೆ, ಸೇದುವ ಬಾವಿಗೆ ಕೊಡ ಬಿದ್ದುಹೋದುದನ್ನು ತಾವು ಎಂದಾದರೂ ಕಂಡಿದ್ದೀರಾ? ನನ್ನ ಬಾಲ್ಯದ ಸುಲ್ತಾನ್‌ಪೇಟೆಯಲ್ಲಿ ನಲ್ಲಿ ಬಂದು ಎಷ್ಟೋ ಕಾಲವಾಗಿದ್ದರೂ ಕೆಲವು ಮನೆಗಳ ಹಿತ್ತಲಲ್ಲಿ ಬಾವಿಗಳು ಇನ್ನೂ ಉಳಿದಿದ್ದುವು. ಹಗ್ಗ ಕಡಿದು ಕೊಡ ಮುಳುಗಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. “ಮೂಲೆಮನೆ ಅಜ್ಜಿ ಹತ್ತಿರ ಪಾತಾಳಗರಡಿ ಇಸಕೊಂಡು ಬಾರೋ” ಎಂದು ನಮ್ಮಮ್ಮ ನನ್ನನ್ನು ಓಡಿಸುತ್ತಿದ್ದರು. ಕಬ್ಬಿಣದ ಬಳೆಗೆ ಕೊಕ್ಕೆಗಳನ್ನು ತೂಗಹಾಕಿದ ಆ ಸಾಧನ ಬೀದಿಗೆಲ್ಲ ಒಂದೇ. ಅದನ್ನು ಕೊಡುವಾಗ ಅಜ್ಜಿ ಒಂದು ಚೊಂಬನ್ನು ಒತ್ತೆ ಇರಿಸಿಕೊಳ್ಳುತ್ತಿದ್ದರು. ಗರಡಿ ಹಿಂದಿರುಗಿದ ಮೇಲೆಯೇ ಚೊಂಬಿಗೆ ಬಿಡುಗಡೆ.

ಈ ಪುಟ್ಟ ಏರ್ಪಾಟನ್ನು ಕೊಂಚ ವಿಚಾರಿಸಿ ನೋಡಿ. ಸಾಧನ ಎಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ಅದನ್ನು ಕಾಪಾಡಲು ಹೊಣೆಗಾರರುಂಟು. ಅದನ್ನು ಇಳಿಬಿಟ್ಟು ಆಡಿಸಬಲ್ಲ ಪಳಗಿದ ಕೈಯುಂಟು. ಕೊಡ ಯಾವ ಮೂಲೆಯಲ್ಲಿ ಮುಳುಗಿತೆಂದು ತೋರಿಸುವ ಕಣ್ಣೂ ಉಂಟು. ಕೊಡದ ಬದಲು ಮನುಷ್ಯನೇ ಸಿಕ್ಕಿಕೊಂಡಾಗಲೂ ಬೇಕಾದುವು ಇವೇ ನಾಲ್ಕು. ಆಪತ್ತಿನಿಂದ ಬಿಡಿಸುವುದಕ್ಕೆ ಕನ್ನಡದಲ್ಲಿ ‘ಪಾರುಗಾಣಿಸು’ ಎಂಬ ಸೊಗಸಾದ ಮಾತಿದೆ. ಪಾರವನ್ನು, ಎಂದರೆ ಆಚೆಯ ದಡವನ್ನು, ಕಾಣಿಸುವುದು ಎಂದು ಅದರ ಅರ್ಥ. ದಡ ಕಾಣಿಸಬೇಕಾದವನಿಗೆ ಮುಳುಗುತ್ತಿರುವವನು ಎಲ್ಲಿದ್ದಾನೆಂಬುದು ಮೊದಲು ತಿಳಿದಿರಬೇಕಷ್ಟೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940–41ರಲ್ಲಿ, ಲಂಡನ್ ನಗರದ ಮೇಲೆ ರಾತ್ರಿಯ ಹೊತ್ತು ಬಾಂಬುಗಳು ಬೀಳುತ್ತಿದ್ದಾಗ ಈ ಸತ್ಯ ಜಗತ್ತಿಗೆ ಮನವರಿಕೆಯಾಯಿತು. ಅಲ್ಲಿ ಬೀದಿಬೀದಿಗೂ ವಾರ್ಡನ್ನರಿದ್ದರು. ಬಹುಪಾಲು ಮಂದಿ ಸ್ವಯಂಸೇವಕರು. ಹಗಲು ತಮ್ಮ ಕಸಬು, ರಾತ್ರಿ ಬೀದಿಯ ಪಹರೆ. ಯಾವ ಮನೆಯಲ್ಲಿ ಎಷ್ಟು ಜನ, ಅವರು ರಾತ್ರಿ ಮಲಗುವುದೆಲ್ಲಿ ಎಂಬುದನ್ನು ಅರಿತಿರುವುದು ಅವರ ಕೆಲಸ. ಮನೆ ಕುಸಿದರೆ ಎಲ್ಲಿ ಅಗೆಯಬೇಕೆಂದು ಹೇಳಬಲ್ಲವರು ಅವರೇ. 1942ರ ಏಪ್ರಿಲಿನಲ್ಲಿ ಜಪಾನಿನ ಬಾಂಬುಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಿದ್ದಾಗ ಆ ಚಿಂತೆ ದಕ್ಷಿಣದ ಊರುಗಳಿಗೂ ತಟ್ಟಿತು.

ಯುದ್ಧ ಮುಗಿದರೂ ಆ ಪಾಠ ಉಳಿಯಿತು. 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ ಗೃಹರಕ್ಷಕ ದಳ ಹುಟ್ಟಿತು. ಚೀನಾ ಯುದ್ಧ ನಡೆದ 1962ನೆಯ ಇಸವಿಯಲ್ಲೇ ನಮ್ಮ ಮೈಸೂರು ರಾಜ್ಯವೂ ಗೃಹರಕ್ಷಕ ದಳದ ಕಾಯಿದೆಯನ್ನು ಪಡೆಯಿತು. 1968ರಲ್ಲಿ ಇಡೀ ದೇಶಕ್ಕೆ ಪೌರರಕ್ಷಣಾ ಕಾಯಿದೆ ಬಂದಿತು. ಶತ್ರುವಿನ ದಾಳಿಯನ್ನು ನೆನೆದು ಮಾಡಿದ ಆ ಶಾಸನವನ್ನು 2009ರ ತಿದ್ದುಪಡಿ ನೆರೆ, ಭೂಕಂಪ ಮೊದಲಾದ ವಿಪತ್ತುಗಳಿಗೂ ವಿಸ್ತರಿಸಿತು.

ಪೌರರಕ್ಷಣೆಯ ಕೆಲಸವನ್ನು 12 ಸೇವೆಗಳಾಗಿ ವಿಂಗಡಿಸಿದ್ದಾರೆ. ವಾರ್ಡನ್ ಸೇವೆ, ಸಂಪರ್ಕ, ಅಗ್ನಿಶಮನ, ಪಾರುಗಾಣಿಕೆ, ಗಾಯಾಳುಗಳ ಶುಶ್ರೂಷೆ, ತರಬೇತಿ, ಸಾಗಾಟ, ಸರಬರಾಜು ಇವೆಲ್ಲ ಅದರೊಳಗೆ ಬರುತ್ತವೆ. ಕಡೆಗೆ ಮೃತದೇಹಗಳ ವಿಲೇವಾರಿಗೂ ಒಂದು ಸೇವೆಯುಂಟು. ಸಂಬಳದ ಸಿಬ್ಬಂದಿ ಕೆಲವರೇ, ಮಿಕ್ಕವರೆಲ್ಲ ಸ್ವಯಂಸೇವಕರು. ಹಗ್ಗದ ಗಂಟು, ಏಣಿಯ ಬಳಕೆ, ಕಂಬಳಿಯನ್ನೇ ಡೋಲಿ ಮಾಡುವ ಉಪಾಯ, ಇವನ್ನು ಅವರು ಕಲಿಯಬೇಕು. ಕಲಿಯಬೇಕಾದ ಇನ್ನೊಂದು ವಿದ್ಯೆ ಮೌನ. ಕುಸಿದ ಕಟ್ಟಡದ ಸುತ್ತ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಬ್ಬರು ಮಾತ್ರ ಕೂಗಿ ಕರೆದು, ಒಳಗಿನಿಂದ ದನಿಯೋ ತಟ್ಟಿದ ಸದ್ದೋ ಬರುವುದೇ ಎಂದು ಕಿವಿಗೊಡುತ್ತಾರೆ.

ಈ ಮೌನದ ಬೆಲೆ ನನಗೆ ತಡವಾಗಿ ತಿಳಿಯಿತು. 1983ರ ಸೆಪ್ಟೆಂಬರಿನಲ್ಲಿ ಮೆಜೆಸ್ಟಿಕ್ಕಿನ ಬಳಿ, ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಮಡಿದರು. ಆಗ ನಾನಿನ್ನೂ ಶಾಲೆಯ ಹುಡುಗ. ನಮ್ಮ ಪೇಟೆಯ ಜನರೆಲ್ಲ ಆ ಕಡೆಗೆ ಓಡಿದರು. ಅವರೊಡನೆ ಓಡಿದ ನಾನು ಕಂಡದ್ದು ಜನಸಾಗರ, ಕೇಳಿದ್ದು ಗದ್ದಲ. ಒಳಗೆ ಎಷ್ಟು ಮಂದಿ ಎಂದರೆ ಒಂದೊಂದು ಬಾಯಲ್ಲಿ ಒಂದೊಂದು ಸಂಖ್ಯೆ. ಸಹಾಯಕ್ಕೆ ಬಂದ ಮನಸ್ಸಿಗೆ ಕೊರತೆಯಿರಲಿಲ್ಲ. ಆ ಮನಸ್ಸಿಗೆ ಮಾಡಲು ಕೆಲಸವಿರಲಿಲ್ಲ.

ಧೈರ್ಯಕ್ಕೆ ಬೆಂಬಲವೂ ಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದಾಗ ಸರ್ಕಾರದ ಪಡೆಗಳ ಜೊತೆಗೆ ಮಲ್ಪೆಯ ಮುಳುಗುಗಾರರೂ ತಾವಾಗಿ ಬಂದು ಗಂಗಾವಳಿ ನದಿಯಲ್ಲಿ ಹುಡುಕಿದರು. ಸೆಳವು, ಕೆಸರುಗಳ ಮುಂದೆ ಈಜಿನ ವಿದ್ಯೆಯೊಂದೇ ಸಾಲಲಿಲ್ಲ. ಹೂಳೆತ್ತುವ ಯಂತ್ರ ಬಂದ ಮೇಲೆ, ಸೆಪ್ಟೆಂಬರ್ 25ರಂದು, ಮುಳುಗಿದ್ದ ಲಾರಿ ದೊರೆಯಿತು. ಸ್ವಯಂಸೇವಕನು ತನ್ನ ಜೀವವನ್ನು ತಾನೇ ತಂದಿರುತ್ತಾನೆ. ಹಗ್ಗ, ದೋಣಿ, ಎಣ್ಣೆ, ಊಟ, ಗಾಯಗೊಂಡರೆ ಮದ್ದು, ಇವನ್ನಾದರೂ ಸಮಾಜ ಒದಗಿಸಬೇಡವೇ?

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷಗಳ ಹಿಂದೆ ಒಂದು ಬೆಳಗ್ಗೆ ನಮ್ಮ ಓಣಿಯ ಕಾಗದದ ದಾಸ್ತಾನಿನಿಂದ ಹೊಗೆ ಎದ್ದಿತು. ಅಗ್ನಿಶಾಮಕ ದಳದವರು ಇಕ್ಕಟ್ಟಿನ ದಾರಿಯಲ್ಲಿ ಓಡಿಬಂದು ಕೇಳಿದ ಮೊದಲ ಪ್ರಶ್ನೆ: “ಮೇಲೆ ಯಾರಾದರೂ ಇದ್ದಾರೆಯೆ?” ಮೂವತ್ತು ಮಂದಿ ನಿಂತಿದ್ದೆವು, ಉತ್ತರ ಯಾರಲ್ಲೂ ಇರಲಿಲ್ಲ. ಐವತ್ತು ವರ್ಷ ಅದೇ ಓಣಿಯ ನೀರು ಕುಡಿದ ನಾನೂ ಮೂಕನಾದೆ. ಪತ್ರಿಕೆ ಹಾಕುವ ಹುಡುಗ ಮುಂದೆ ಬಂದು, “ಹಿಂದಿನ ಕೋಣೇಲಿ ಒಬ್ಬರು ಅಜ್ಜಿ ಇದ್ದಾರೆ ಸಾರ್, ಅವರಿಗೆ ಕಾಲು ಬರೋಲ್ಲ” ಎಂದ. ಆಕೆಯನ್ನು ಹೊತ್ತು ಇಳಿಸಿದರು, ಬದುಕಿಕೊಂಡರು. ಆ ದಿನ ನಮ್ಮ ಓಣಿಯ ವಾರ್ಡನ್ ಆ ಹುಡುಗನೇ.

2025ರ ಮೇ 7ರಂದು ದೇಶದ ಹಲವೆಡೆ ಪೌರರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ಬೆಂಗಳೂರಿನಲ್ಲೂ ಸೈರನ್ ಮೊಳಗಿತು. ಸೈರನ್ನು ಕಿವಿಗೆ ಎಚ್ಚರ ಕೊಡಬಲ್ಲುದು. ನೆರೆಮನೆಯ ಪರಿಚಯವನ್ನು ಕೊಡಲಾರದು. ಪಡೆಗಳು ಎಷ್ಟೇ ಬೇಗ ಹೊರಟರೂ ಮೊದಲ ಗಳಿಗೆಯಲ್ಲಿ ಅಲ್ಲಿರುವವರು ನೆರೆಯವರೇ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೆ. ಈ ಸಂಜೆ ಬಾನುಲಿಯ ವಾರ್ತೆ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ನಡೆಯಲಾರದವರು ಯಾರು, ಒಂಟಿಯಾಗಿರುವವರು ಯಾರು, ಉದ್ದನೆಯ ಏಣಿ ಯಾರಲ್ಲಿದೆ, ತಾರಸಿಯ ಬೀಗದ ಕೈ ಎಲ್ಲಿದೆ ಎಂಬುದನ್ನು ಬರೆಯಿರಿ. ಬಿಟ್ಟ ಜಾಗಗಳನ್ನು ತುಂಬಲು ನಾಳೆ ನೆರೆಮನೆಯ ಬಾಗಿಲು ತಟ್ಟಿ. ನಾವು ಹಾಗೆ ಬರೆದ ಪಟ್ಟಿಯ ಪ್ರತಿಗಳು ಈಗ ನಮ್ಮ ಓಣಿಯ ನಾಲ್ಕು ಮನೆಗಳಲ್ಲಿವೆ. ಮೂಲೆಮನೆಯ ಅಜ್ಜಿ ಈಗಿಲ್ಲ; ಅವರ ಪಾತಾಳಗರಡಿ ಎಲ್ಲಿ ಹೋಯಿತೆಂದು ಕೇಳಿದರೆ ಹೇಳುವವರೂ ಇಲ್ಲ.