ಕ್ಷಮಿಸು

ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಚರ್ಚುಗಳ ಕನ್ನಡ ಆರಾಧನೆಯಲ್ಲಿ ಮತ್ತೆ ಮತ್ತೆ ಕೇಳಿಸುವ ಪದ ಇದು. ಮೂಲ ಸಂಸ್ಕೃತದ ‘ಕ್ಷಮ್’ ಧಾತು. ತಾಳು, ಸಹಿಸು ಎಂದರ್ಥ. ಎಲ್ಲವನ್ನೂ ಹೊರುವ ಭೂಮಿಗೂ ‘ಕ್ಷಮಾ’ ಎಂಬ ಹೆಸರಿದೆ. ಇದರ ಜೊತೆಗಾರ ಪದ ‘ಮನ್ನಿಸು’ ಎಂಬುದಕ್ಕೆ ಗೌರವಿಸು ಎಂಬ ಅರ್ಥವೂ ಉಂಟು. ‘ಮನ್ನಣೆ’ ಅದರದೇ ಬಳಗ.

ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಅಫಿಯೆಮಿ’ಯ ದಾರಿ ಬೇರೆ: ಬಿಟ್ಟುಬಿಡು, ಸಾಲ ಮನ್ನಾ ಮಾಡು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸುವ ಪ್ರಾರ್ಥನೆಯ ಗ್ರೀಕ್ ಪಾಠ ತಪ್ಪನ್ನು ಸಾಲವೆಂದೇ ಕರೆಯುತ್ತದೆ. ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, 10,000 ತಲಾಂತುಗಳಷ್ಟು ಅಪಾರ ಸಾಲ ಮನ್ನಾ ಆದ ಸೇವಕ ತನಗೆ ಬರಬೇಕಾದ 100 ದೆನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ದೆನಾರಿ ಎಂದರೆ ಒಂದು ದಿನದ ಕೂಲಿ. ನೂರು ದಿನದ ದುಡಿಮೆ ಯಾರಿಗೂ ಸಣ್ಣದಲ್ಲ! ನಮಗಾದ ನೋವನ್ನು ಈ ಕಥೆ ಅಲ್ಲಗಳೆಯುವುದಿಲ್ಲ. ನನಗೆ ಇದೇ ಅದರ ಜೀವಾಳ.

ನೋವನ್ನು ಅಲ್ಲಗಳೆಯದ ಇಂಥ ಕ್ಷಮೆಗೆ ನಮ್ಮ ಕಾಲದಲ್ಲೂ ಉದಾಹರಣೆಯಿದೆ. 1999ರಲ್ಲಿ ಒಡಿಶಾದಲ್ಲಿ ಪತಿ, ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಬಹಿರಂಗವಾಗಿ ಹೇಳಿದರು. ನ್ಯಾಯಾಲಯದ ವಿಚಾರಣೆ ತನ್ನ ಪಾಡಿಗೆ ನಡೆಯಿತು. ಅವರು ಒಡಿಶಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ಕೆಲವು ವರ್ಷ ಮುಂದುವರಿಸಿದರು.