ಪತನವೇಗದ ನಿಯಮವು ತಿಳಿದುಬಂದ ಬಗೆ

ಮೊಳದೆತ್ತರದಿಂದ ಬಿದ್ದ ತೆಂಗಿನಕಾಯಿಯು ಕಾಲಿಗೆ ತುಸು ನೋವನ್ನುಂಟುಮಾಡೀತು. ಮರದ ತುದಿಯಿಂದ ಬಿದ್ದ ಕಾಯಿಯು ತಲೆಯನ್ನೇ ಒಡೆದೀತು. ಕಾಯಿ ಅದೇ, ತೂಕವೂ ಅದೇ. ಬೀಳುತ್ತ ಬೀಳುತ್ತ ವೇಗವು ಹೆಚ್ಚುವುದೊಂದೇ ಈ ಭೇದಕ್ಕೆ ಕಾರಣ. ಇಷ್ಟನ್ನರಿಯಲು ಶಾಸ್ತ್ರವು ಬೇಕಿಲ್ಲ. ಗ್ರೀಸ್ ದೇಶದ ಅರಿಸ್ಟಾಟಲನಿಗೂ ಇದು ತಿಳಿದೇ ಇದ್ದಿತು. ಆದರೆ ಆ ವೇಗವು ಯಾವ ಲೆಕ್ಕವನ್ನನುಸರಿಸಿ ಹೆಚ್ಚುತ್ತದೆಂಬ ಪ್ರಶ್ನೆಗೆ ಸರಿಯಾದ ಉತ್ತರವು ದೊರೆಯಲು ಅವನ ತರುವಾಯ ಸುಮಾರು ಎರಡು ಸಾವಿರ ವರ್ಷಗಳು ಹಿಡಿದುವು.

ಹತ್ತುಪಟ್ಟು ಭಾರವಾದ ವಸ್ತುವು ಹತ್ತುಪಟ್ಟು ಶೀಘ್ರವಾಗಿ ಬೀಳಬೇಕೆಂಬುದು ಅರಿಸ್ಟಾಟಲನ ಮತ. ಇದು ಪ್ರತ್ಯಕ್ಷಕ್ಕೆ ವಿರುದ್ಧವೆಂದು ಅಲೆಗ್ಸಾಂಡ್ರಿಯದ ಫಿಲೊಪೊನಸನು ಕ್ರಿಸ್ತಶಕ ಆರನೆಯ ಶತಮಾನದಲ್ಲಿಯೇ ಬರೆದಿದ್ದನು. ಸೈಮನ್ ಸ್ಟೆವಿನ್ ಎಂಬ ಗಣಿತಜ್ಞನು ಒಂದು ಇನ್ನೊಂದರ ಹತ್ತುಪಟ್ಟು ತೂಗುವ ಎರಡು ಸೀಸದ ಗುಂಡುಗಳನ್ನು ಮೂವತ್ತು ಅಡಿ ಎತ್ತರದಿಂದ ಒಂದು ಹಲಗೆಯ ಮೇಲೆ ಬೀಳಿಸಿ, ಎರಡರ ಸಪ್ಪಳವೂ ಒಂದಾಗಿಯೇ ಕೇಳಿಬಂದಿತೆಂದು 1586ರಲ್ಲಿ ಪ್ರಕಟಿಸಿದನು. ಗೆಲಿಲಿಯೋ ಪೀಸಾ ನಗರದ ಓರೆಗೋಪುರದ ಮೇಲಿಂದ ಗುಂಡುಗಳನ್ನು ಬಿಟ್ಟನೆಂಬ ಪ್ರಸಿದ್ಧವಾದ ಕಥೆಗಾದರೋ, ಶಿಷ್ಯನಾದ ವಿವಿಯಾನಿಯು 1654ರಲ್ಲಿ ಬರೆದ ಗುರುಚರಿತ್ರೆಯೇ ಮುಖ್ಯವಾದ ಆಧಾರ. ಗೆಲಿಲಿಯೋ ತಾನು ಪ್ರಕಟಿಸಿದ ಯಾವ ಗ್ರಂಥದಲ್ಲಿಯೂ ಈ ಸಂಗತಿಯನ್ನು ಹೇಳಿಲ್ಲ. ಪಾಠಪುಸ್ತಕಗಳು ಈ ಕಥೆಯನ್ನು ಬಿಡಲಾರವು. ಬಿಟ್ಟರೂ ನಷ್ಟವೇನೂ ಇಲ್ಲ. ಎರಡು ಗುಂಡುಗಳು ಒಟ್ಟಿಗೆ ನೆಲವನ್ನು ಸೇರಿದುವೆಂಬುದರಿಂದ ನಡುದಾರಿಯಲ್ಲಿ ಅವುಗಳ ವೇಗವು ಹೇಗೆ ಬೆಳೆಯಿತೆಂಬುದು ತಿಳಿಯಲಾರದು. ಆ ಗೋಪುರದ ತುದಿಯಿಂದ ನೆಲಕ್ಕೆ ಮೂರೂವರೆ ಸೆಕೆಂಡಿನಷ್ಟು ಹೊತ್ತೂ ಬೇಕಿಲ್ಲ. ಅಷ್ಟು ಕಿರಿದಾದ ಕಾಲವನ್ನು ಭಾಗಮಾಡಿ ಅಳೆಯಬಲ್ಲ ಗಡಿಯಾರವು ಆ ದಿನಗಳಲ್ಲಿ ಇರಲಿಲ್ಲ.

ಗೆಲಿಲಿಯೋವಿನ ನಿಜವಾದ ಜಾಣ್ಮೆಯು ತೋರಿಬಂದುದು ಇಲ್ಲಿಯೇ. ಪತನವನ್ನು ಹಿಡಿಯಲಾಗದಿದ್ದರೆ ಅದನ್ನು ನಿಧಾನಗೊಳಿಸಬಹುದಷ್ಟೆ. ಸುಮಾರು ಹನ್ನೆರಡು ಮೊಳ ಉದ್ದದ ಮರದ ತೊಲೆಯಲ್ಲಿ ಬೆರಳಗಲಕ್ಕಿಂತ ತುಸು ಹೆಚ್ಚಾದ ನೇರವಾದ ತೋಡನ್ನು ಕೊರೆಯಿಸಿ, ಅದರೊಳಗೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ತೊಲೆಯ ಒಂದು ತುದಿಯನ್ನು ಒಂದೆರಡು ಮೊಳ ಎತ್ತರಿಸಿ, ಉರುಟಾದ ಕಂಚಿನ ಗುಂಡನ್ನು ಅದರಲ್ಲಿ ಉರುಳಿಬಿಟ್ಟನು. ಕಾಲವನ್ನು ಅಳೆದುದು ನೀರಿನಿಂದ. ದೊಡ್ಡ ಪಾತ್ರೆಯೊಂದರ ತಳದ ಸಣ್ಣ ಕೊಳವೆಯಿಂದ ಸುರಿಯುವ ನೀರನ್ನು, ಗುಂಡು ಉರುಳುವಷ್ಟು ಹೊತ್ತು ಬಟ್ಟಲಲ್ಲಿ ಹಿಡಿದು, ತಕ್ಕಡಿಯಲ್ಲಿ ತೂಗುವುದು. ನೀರಿನ ತೂಕವೇ ಕಾಲದ ಅಳತೆ. ಗಳಿಗೆಬಟ್ಟಲಿನ ವಿಷಯವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಲಾರದು. ಈ ಪ್ರಯೋಗವನ್ನು ನೂರು ಸಲ ಮಾಡಿ ನೋಡಿದುದಾಗಿ ಅವನು ಬರೆದಿದ್ದಾನೆ. ತೊಲೆಯ ಕಾಲುಭಾಗವನ್ನು ಉರುಳಲು ಗುಂಡಿಗೆ ಪೂರ್ತಿ ದೂರಕ್ಕೆ ಹಿಡಿಯುವ ಕಾಲದ ಸರಿಯಾಗಿ ಅರ್ಧವು ಹಿಡಿಯಿತು. ಎಂದರೆ ಕಾಲವು ಇಮ್ಮಡಿಯಾದರೆ ದೂರವು ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತುಮಡಿ. ಬಿಡಿಬಿಡಿಯಾಗಿ ನೋಡಿದರೆ ಸಮನಾದ ಕಾಲಖಂಡಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂದು ಬೆಸಸಂಖ್ಯೆಗಳಾಗಿ ಬೆಳೆಯುತ್ತವೆ.

ನಿಯಮವು ಕೈಗೆ ಸಿಕ್ಕಿದರೂ ಅದರ ಅರ್ಥವು ಸಿಕ್ಕಲಿಲ್ಲ. 1604ರ ಅಕ್ಟೋಬರ್ 16ರಂದು ವೆನಿಸಿನ ಪಾವೊಲೊ ಸಾರ್ಪಿಗೆ ಬರೆದ ಕಾಗದದಲ್ಲಿ ಗೆಲಿಲಿಯೋ ಈ ಬೆಸಸಂಖ್ಯೆಗಳನ್ನು ತಿಳಿಸಿ, ಬಿದ್ದ ದೂರಕ್ಕೆ ತಕ್ಕಂತೆ ವೇಗವು ಹೆಚ್ಚುವುದೇ ಇದರ ಮೂಲತತ್ತ್ವವೆಂದು ಹೇಳಿದನು. ಫಲವು ಸರಿ, ಉಪಪತ್ತಿಯು ತಪ್ಪು. ಎರಡರಷ್ಟು ಎತ್ತರದಿಂದ ಬಿದ್ದ ಕೊಡತಿಯು ಗೂಟವನ್ನು ಎರಡರಷ್ಟು ಆಳಕ್ಕೆ ಇಳಿಸುವುದನ್ನು ಕಂಡವರಿಗೆ ಈ ಭ್ರಾಂತಿಯು ಸಹಜವೇ. ಆದರೆ ವಿಚಾರಮಾಡಿದರೆ ಇದು ನಿಲ್ಲಲಾರದು. ಹೊರಡುವ ಕ್ಷಣದಲ್ಲಿ ಬಿದ್ದ ದೂರವು ಸೊನ್ನೆ. ಆದುದರಿಂದ ವೇಗವೂ ಸೊನ್ನೆ. ವೇಗವಿಲ್ಲದೆ ದೂರವಿಲ್ಲ, ದೂರವಿಲ್ಲದೆ ವೇಗವಿಲ್ಲ. ಕೈಬಿಟ್ಟ ಕಲ್ಲು ಬಿಟ್ಟಲ್ಲಿಯೇ ನಿಂತಿರಬೇಕಾದೀತು! ಕಾಲವಾದರೋ ವಸ್ತುವು ಚಲಿಸಲಿ ಬಿಡಲಿ ಸಾಗಿಯೇ ಸಾಗುತ್ತದೆ. ಸಮನಾದ ಕಾಲಗಳಲ್ಲಿ ಸಮನಾದಷ್ಟು ವೇಗವು ಕೂಡಿಕೊಳ್ಳುತ್ತದೆಂಬ ಸರಳವಾದ ಮಾತಿಗೆ ಬಂದು ಸೇರಲು ಅಂಥ ಬುದ್ಧಿಶಾಲಿಗೂ ಕೆಲವು ವರ್ಷಗಳು ಬೇಕಾದುವು. ಗ್ರಂಥಕರ್ತನೇ ಕೆಲಕಾಲ ಈ ತಪ್ಪಿಗೆ ಒಳಗಾಗಿದ್ದನೆಂದು ತನ್ನ ಕಡೆಯ ಗ್ರಂಥದ ಪಾತ್ರವೊಂದರ ಬಾಯಿಂದ ಅವನು ಹೇಳಿಸಿರುವುದು ಅವನ ದೊಡ್ಡತನ.

ವಸ್ತುವು ಏಕೆ ಬೀಳುತ್ತದೆಂಬುದನ್ನು ಆ ಗ್ರಂಥವು ಬೇಕೆಂದೇ ಬದಿಗಿಟ್ಟಿತು. ಭೂಮಿಗೆ ಆಕರ್ಷಣಶಕ್ತಿಯಿದೆ, ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನತ್ತ ಸೆಳೆಯುತ್ತದೆ ಎಂದು ಭಾಸ್ಕರಾಚಾರ್ಯರು 1150ರಲ್ಲಿ ಮುಗಿಸಿದ ಸಿದ್ಧಾಂತಶಿರೋಮಣಿಯಲ್ಲಿ ಹೇಳಿದ್ದರು. ವೇಗವೃದ್ಧಿಯ ಲೆಕ್ಕವನ್ನು ಅಲ್ಲಿ ಕೊಟ್ಟಿಲ್ಲ. ಗೆಲಿಲಿಯೋವಿನಲ್ಲಿ ಲೆಕ್ಕವಿದೆ, ಕಾರಣವಿಲ್ಲ.

1633ರಲ್ಲಿ ರೋಮಿನ ಧರ್ಮಾಧಿಕಾರಿಗಳು ಭೂಭ್ರಮಣವಾದಕ್ಕಾಗಿ ಅವನಿಗೆ ಶಿಕ್ಷೆ ವಿಧಿಸಿದರು. ಫ್ಲಾರೆನ್ಸಿನ ಬಳಿಯ ಆರ್ಚೆಟ್ರಿಯ ಮನೆಯಲ್ಲಿ ಬಂಧಿಯಾಗಿದ್ದ ವೃದ್ಧನು, ಮೂವತ್ತು ವರ್ಷಗಳ ಹಿಂದಿನ ಟಿಪ್ಪಣಿಗಳನ್ನು ಹೊರತೆಗೆದು ಚಲನಶಾಸ್ತ್ರದ ಗ್ರಂಥವನ್ನು ರಚಿಸಿದನು. ಇಟಲಿಯಲ್ಲಿ ಅದು ಅಚ್ಚಾಗುವಂತಿರಲಿಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಎಲ್ಸೆವಿರ್ ಮುದ್ರಕರು 1638ರಲ್ಲಿ ಅದನ್ನು ಪ್ರಕಟಿಸಿದರು. ಆ ವೇಳೆಗೆ ಅವನ ಎರಡು ಕಣ್ಣುಗಳೂ ಹೋಗಿದ್ದುವು.

ನಿಯಮವನ್ನು ನೇರವಾದ ಪತನದಲ್ಲಿ ಪರೀಕ್ಷಿಸಿದವನು ವಿರೋಧಪಕ್ಷದವನೇ ಎಂಬುದು ಸ್ವಾರಸ್ಯವಾಗಿದೆ. ಬೊಲೋನದ ರಿಚ್ಚೋಲಿ ಎಂಬ ಜೆಸುಯಿಟ್ ಪಾದ್ರಿಯು ಭೂಮಿಯು ಸುತ್ತುವುದನ್ನು ಒಪ್ಪದವನು. ಅವನು ಲೋಲಕದ ಓಲಾಟಗಳನ್ನು ಸಂಗಡಿಗರಿಂದ ಒಂದು ಹಗಲೂ ರಾತ್ರಿಯೂ ಎಣಿಸಿ ಕಾಲಮಾನವನ್ನು ನಿಷ್ಕರ್ಷಿಸಿಕೊಂಡು, ಆ ನಗರದ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬೀಳಿಸಿದನು. ಸಮನಾದ ಕಾಲಗಳಲ್ಲಿ ಅವು ಬಿದ್ದುದು 10, 30, 50, 70, 90 ಅಡಿ. 1651ರ ತನ್ನ ಗ್ರಂಥದಲ್ಲಿ ಅವನು ಇದನ್ನು ಮರೆಮಾಚದೆ ಪ್ರಕಟಿಸಿದನು.

ಕಾರಣವನ್ನೂ ಲೆಕ್ಕವನ್ನೂ ಒಂದುಗೂಡಿಸಿದವನು ನ್ಯೂಟನ್, ಗ್ರಂಥವು 1687ರದು. ಭೂಮಿಯ ಸೆಳೆತವು ವಸ್ತುವನ್ನು ಒಮ್ಮೆ ತಳ್ಳಿ ಬಿಟ್ಟುಬಿಡುವುದಿಲ್ಲ. ಕ್ಷಣಕ್ಷಣವೂ ಸೆಳೆಯುತ್ತಲೇ ಇರುತ್ತದೆ. ಹಿಂದೆ ಬಂದ ವೇಗವು ಉಳಿದಿರುವಾಗಲೇ ಹೊಸ ವೇಗವು ಸೇರುತ್ತದೆ. ನೆಲದ ಸಮೀಪದಲ್ಲಿ ಪ್ರತಿ ಸೆಕೆಂಡಿಗೂ ಹೀಗೆ ಕೂಡುವುದು ಸೆಕೆಂಡಿಗೆ ಸುಮಾರು 32 ಅಡಿಯ ವೇಗ. ಅದರಿಂದಲೇ ಮೊದಲನೆಯ ಸೆಕೆಂಡಿನಲ್ಲಿ 16, ಎರಡನೆಯದರಲ್ಲಿ 48, ಮೂರನೆಯದರಲ್ಲಿ 80 ಅಡಿ. ಹತ್ತುಪಟ್ಟು ಭಾರದ ಗುಂಡಿಗೆ ಹತ್ತುಪಟ್ಟು ಸೆಳೆತವು ನಿಜ. ಆದರೆ ಅದನ್ನು ಚಲಿಸುವಂತೆ ಮಾಡಲು ಬೇಕಾದ ಬಲವೂ ಹತ್ತುಪಟ್ಟು. ಆದುದರಿಂದ ಗಾಳಿಯ ತಡೆಯೊಂದಿಲ್ಲದಿದ್ದರೆ ಎರಡೂ ಜೊತೆಯಾಗಿಯೇ ಬೀಳುತ್ತವೆ.

ನೀರು ತೂಗುವ ಪ್ರಯೋಗವು ಬರಿಯ ಕಲ್ಪನೆಯಿರಬೇಕೆಂದು ಇಪ್ಪತ್ತನೆಯ ಶತಮಾನದಲ್ಲಿ ಕೊಯ್ರೆ ಎಂಬ ಇತಿಹಾಸಜ್ಞನು ಸಂಶಯಪಟ್ಟನು. 1961ರಲ್ಲಿ ತಾಮಸ್ ಸೆಟಲ್ ಅದೇ ತೆರನಾದ ತೊಲೆ, ಗುಂಡು, ನೀರುಗಳಿಂದ ಪ್ರಯೋಗವನ್ನು ಮತ್ತೆ ಮಾಡಿ, ಅದು ಸಾಧ್ಯವೆಂದು ತೋರಿಸಿದನು. 1973ರಲ್ಲಿ ಸ್ಟಿಲ್‌ಮನ್ ಡ್ರೇಕ್, ಫ್ಲಾರೆನ್ಸಿನ ಗ್ರಂಥಭಂಡಾರದಲ್ಲಿರುವ ಗೆಲಿಲಿಯೋವಿನ ಕೈಬರಹದ ಹಾಳೆಯೊಂದನ್ನು ಪ್ರಕಟಿಸಿದನು. ಬೇರೆ ಬೇರೆ ಎತ್ತರದಿಂದ ಇಳಿಜಾರಿನಲ್ಲಿ ಉರುಳಿ, ಅಂಚಿನಿಂದಾಚೆಗೆ ಹಾರಿದ ಗುಂಡು ಎಷ್ಟು ದೂರದಲ್ಲಿ ನೆಲವನ್ನು ಮುಟ್ಟಿತೆಂಬ ಅಂಕಗಳು ಅದರಲ್ಲಿವೆ. ಒಂದು ಕಡೆ ಲೆಕ್ಕದಂತೆ ಬರಬೇಕಾದುದು 1131. ಅಳೆದಾಗ ಬಂದುದು 1172. ಪಕ್ಕದಲ್ಲಿಯೇ ವ್ಯತ್ಯಾಸ 41 ಎಂದು ಬರೆದಿದೆ.